ಬೀಗ ಭದ್ರ, ಗುಟ್ಟು ಬಯಲು

ಗುಟ್ಟು ಕಾಯುವುದೇ ನನ್ನ ಉದ್ಯೋಗ. ಅದಕ್ಕೇ ಇರಬೇಕು, ಚೆನ್ನೈನಲ್ಲಿ ವಾರಕ್ಕೊಮ್ಮೆಯಾದರೂ ನನ್ನ ಮರ್ಯಾದೆ ಬಯಲಾಗುತ್ತಲೇ ಇರುತ್ತದೆ.

ಕೀಲಿ

ಎಗ್ಮೋರಿನಲ್ಲಿ ನನ್ನ ಸೋದರಮಾವನ ಹೋಟೆಲಿದೆ. ನೀನು ಲ್ಯಾಬಿನಲ್ಲಿ ಮಾಡುವುದೇನು ಎಂದು ಅವರು ಒಮ್ಮೆ ಕೇಳಿದರು. ಬಂದ ಮಾತನ್ನು ಬಂದ ಕ್ಷಣವೇ ಕುಗ್ಗಿಸಿ ಬೀಗ ಹಾಕುತ್ತೇವೆ. ಕೀಲಿ ಎಂದರೆ ಒಂದು ಅಂಕಿಗಳ ಸಾಲು; ಅದು ಆ ಕುಗ್ಗಿದ ಮಾತಿನಷ್ಟೇ ಉದ್ದ ಇರಬೇಕು, ಒಂದು ಸಲ ಬಳಸಿ ಬಿಸಾಡಬೇಕು. ಆಗ ಜಗತ್ತಿನ ಯಾವ ಕಂಪ್ಯೂಟರೂ ಬೀಗ ಒಡೆಯಲಾರದು ಎಂದೆ.

“ಒಂದೇ ಸಲಕ್ಕೆ ಬಿಸಾಡ್ಲಿಕ್ಕೆ ಅದೆಂತ ಕೀಲಿಯಾ, ಊಟದ ಎಲೆಯಾ ಮಾರಾಯ?” ಎಂದರು ಮಾವ.

ಆಟೋ

ಈ ಕೀಲಿಯನ್ನು ಫೋನಿನಲ್ಲಿ ಕಳಿಸುವಂತಿಲ್ಲ, ಕದಿಯುತ್ತಾರೆ. ಪೆನ್‌ಡ್ರೈವಿಗೆ ತುಂಬಿ ಕೋಯಂಬೇಡಿನ ನಮ್ಮ ಇನ್ನೊಂದು ಕಚೇರಿಗೆ ನಾನೇ ಒಯ್ಯಬೇಕು. ಒಂದೂವರೆ ಗಂಟೆ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡ ದಿನ ಆಟೋದವರು, ಅಂಥ ಅವಸರ ಏನು ಸಾರ್ ಎಂದು ತಮಿಳಿನಲ್ಲಿ ಕೇಳಿದರು. ಒಂದು ಗುಟ್ಟಿನ ಸಂದೇಶ ಕ್ಷಣಾರ್ಧದಲ್ಲಿ ಅಲ್ಲಿಗೆ ತಲುಪಬೇಕು, ಅದರ ಕೀಲಿ ಒಯ್ಯುತ್ತಿದ್ದೇನೆ ಎಂದೆ. ಅವರು ಯೋಚಿಸಿ, ಆ ಸಂದೇಶವನ್ನೇ ಕೈಯಲ್ಲಿ ಹಿಡಿದು ತಂದಿದ್ದರೆ ಆಗುತ್ತಿರಲಿಲ್ಲವೇ ಎಂದರು. ಐದು ವರ್ಷದ ಸಂಶೋಧನೆಯಲ್ಲಿ ಯಾರೂ ನಮ್ಮನ್ನು ಇದನ್ನು ಕೇಳಿರಲಿಲ್ಲ.

ಕೇಸರಿಬಾತು

ನನ್ನ ಕೆಲಸ ವರ್ಷ ವರ್ಷಕ್ಕೂ ನವೀಕರಣವಾಗಬೇಕು. ಈ ಸಲ ಮೂವರು ತಜ್ಞರು ಬಂದರು. ಅವರು ಒಪ್ಪಿದರೆ ಇನ್ನೊಂದು ವರ್ಷ ಕೆಲಸ, ಇಲ್ಲದಿದ್ದರೆ ಮನೆ. ಭಯಕ್ಕೆ ನಾನು ಇಡ್ಲಿಯನ್ನು ಮುಟ್ಟಲೇ ಇಲ್ಲ. ತೀರ್ಪನ್ನು ನಿಮ್ಮ ಯಂತ್ರದಿಂದಲೇ ಲ್ಯಾಬಿನ ನಿರ್ದೇಶಕರಿಗೆ ಕಳಿಸುತ್ತೇವೆ, ಬೀಗದ ಪರೀಕ್ಷೆಯೂ ಆಗಲಿ ಎಂದು ಅವರು ಒಳಕೋಣೆಗೆ ಹೋದರು. ಬೀಗ ಬಿದ್ದ ಆ ತೀರ್ಪು ಹೊರಗಿನ ಪರದೆಯಲ್ಲಿ ನಮಗೆ ಕಂಡದ್ದು ಅರ್ಥವಿಲ್ಲದ ಎರಡೇ ಅಕ್ಷರವಾಗಿ.

ಅಂದಿನ ತಿಂಡಿ ಮಾವನ ಹೋಟೆಲಿನದು. ಬಡಿಸಲು ಬಂದಿದ್ದ ಅವರು ಇಣುಕಿ, “ಪಾಸಾಯ್ತು” ಎಂದರು.

“ಅದನ್ನು ಯಾರೂ ಓದ್ಲಿಕ್ಕೆ ಆಗುದಿಲ್ಲ ಮಾವ.”

“ಓದುದು ಎಂತಕ್ಕೆ? ಹುಡುಗಿ ನೋಡಿ ಹೋದವರು ಒಪ್ಪಿದ್ರೆ ‘ಆಯ್ತು’ ಅಂತಾರೆ, ಅಷ್ಟೆ. ಒಲ್ಲದವರು ಜಾತಕದಿಂದ ಶುರು ಮಾಡ್ತಾರೆ.”

ಎಲ್ಲರಿಗೂ ಕೇಸರಿಬಾತು ಹಂಚಿಯಾಯಿತು. ನಾನಂತೂ ಖುಷಿಗೆ ಎರಡನೇ ಸಲ ಹಾಕಿಸಿಕೊಂಡೆ. ಅಷ್ಟರಲ್ಲಿ ತಜ್ಞರು ಹೊರಬಂದು, ನಿರ್ದೇಶಕರೇ ಇನ್ನೂ ಬೀಗ ತೆಗೆದಿಲ್ಲ, ನಿಮಗೆ ಹೇಗೆ ತಿಳಿಯಿತು ಎಂದು ಬೆರಗಾದರು. ಮಾವ ಹೆಮ್ಮೆಯಿಂದ ಎಲ್ಲ ವಿವರಿಸಿದರು. ತಜ್ಞರು ಮುಖ ಮುಖ ನೋಡಿಕೊಂಡು ಮತ್ತೆ ಒಳಹೋಗಿ ಬಾಗಿಲು ಹಾಕಿಕೊಂಡರು.

ಪರದೆಯ ಮೇಲೆ ಎರಡನೆಯ ಸಂದೇಶ ಬರತೊಡಗಿತು. ಒಂದು ಸಾಲು, ಎರಡು ಸಾಲು, ಐದಾದರೂ ನಿಲ್ಲಲಿಲ್ಲ.

ಮಾವ ಸದ್ದಿಲ್ಲದೆ ಪಾತ್ರೆಗೆ ಮುಚ್ಚಳ ಹಾಕಿ, ನನ್ನ ಕೈಯ ತಟ್ಟೆಯನ್ನೂ ಈಸಿಕೊಂಡರು.