ವ್ಯಾನಿನ ಬೆವರುವ ಹಿಂಗಾಲು

ಲೋಕದಲ್ಲಿ ನೋಡದೆ ಕೊಳ್ಳುವವರು ಒಂದು ಬಗೆ, ನೋಡಿ ಕೊಳ್ಳುವವರು ಇನ್ನೊಂದು ಬಗೆ. ನಾನು ಮೂರನೆಯ ಬಗೆ. ತಟ್ಟಿ ಕುಟ್ಟಿ, ತಿರುಗಿಸಿ ಮುರುಗಿಸಿ, ನಾಲ್ಕು ಜನರನ್ನು ಕೇಳಿ, ಕೊನೆಗೆ ಇದ್ದುದರಲ್ಲೆಲ್ಲ ಅತ್ಯಂತ ಕೆಟ್ಟದ್ದನ್ನೇ ಆರಿಸಿ ಮನೆಗೆ ತರುವವನು. ನಮ್ಮ ಮನೆಯ ಗ್ರೈಂಡರ್ ದೋಸೆಹಿಟ್ಟು ರುಬ್ಬುತ್ತಾ ರುಬ್ಬುತ್ತಾ ಅಡುಗೆಮನೆಯ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ನಡೆದುಕೊಂಡು ಹೋಗುತ್ತದೆ. ಅದನ್ನು ನಾನು ತಮಿಳುನಾಡಿನ ನಮ್ಮ ತೇನಿಯ ಮೂರು ಅಂಗಡಿ ಅಲೆದು ಆರಿಸಿದ್ದು. ನಾನು ತಂದ ಕೊಡೆ ಗಾಳಿ ಬಂದರೆ ತಾನೇ ಮುಚ್ಚಿಕೊಳ್ಳುತ್ತದೆ. ಹೀಗಾಗಿ ಮನೆಗೆ ಏನಾದರೂ ಕೊಳ್ಳುವುದಿದ್ದರೆ ನನ್ನನ್ನು ಆ ದಿನ ಯಾರಾದರೂ ನೆಂಟರ ಮನೆಗೆ ಕಳಿಸುವುದು ರೂಢಿ.

ಆದರೆ ಈ ಸಲ ಕೊಳ್ಳಬೇಕಾದದ್ದು ವ್ಯಾನ್, ಅದೂ ಹಳೆಯದು. ನನ್ನ ಹೆಂಡತಿ ಸರೋಜ ಬೋಡಿನಾಯಕನೂರಿನ ನಮ್ಮ ಮನೆಯಲ್ಲಿ ಅಡುಗೆ ಮಾಡಿ, ಬೋಡಿಮೆಟ್ಟಿನ ಘಾಟಿಯ ಮೇಲಿನ ಏಲಕ್ಕಿ ತೋಟಗಳ ಕೆಲಸದವರಿಗೆ ಮಧ್ಯಾಹ್ನದ ಊಟ ಒಯ್ಯುತ್ತಾಳೆ. ಬಾಡಿಗೆಯ ಜೀಪಿನವನು ವಾರದಲ್ಲಿ ಮೂರು ದಿನ ಬಂದರೆ ಮೂರು ದಿನ ಫೋನೇ ಎತ್ತುತ್ತಿರಲಿಲ್ಲ. ಸ್ವಂತ ವ್ಯಾನ್ ಇದ್ದರೆ ತಾನೇ ಓಡಿಸಿಕೊಂಡು ಹೋಗುತ್ತೇನೆ ಎಂದಳು. ಅವಳಿಗೆ ಡ್ರೈವಿಂಗ್ ಬರುತ್ತದೆ. ನನಗೆ ಬರುವುದಿಲ್ಲ, ಘಾಟಿಯ ತಿರುವುಗಳಲ್ಲಿ ನಾನು ಕಣ್ಣು ಮುಚ್ಚಿಕೊಂಡು ಕೂರುತ್ತೇನೆ, ಕೇಳಿದವರಿಗೆ ಪ್ರಾರ್ಥನೆ ಎನ್ನುತ್ತೇನೆ. ಗ್ರೈಂಡರ್ ನಡೆದುಕೊಂಡು ಹೋದರೆ ಗೋಡೆಗೆ ತಾಗಿ ನಿಲ್ಲುತ್ತದೆ. ಘಾಟಿ ಇಳಿಯುವ ವ್ಯಾನಿಗೆ ಬ್ರೇಕ್ ಹಿಡಿಯದಿದ್ದರೆ ಅದು ಎಲ್ಲಿ ತಾಗಿ ನಿಲ್ಲುತ್ತದೆ? ಒಳಗಿರುವವಳು ಸರೋಜ.

ಅದಕ್ಕೇ ನಾನು ಮೊಬೈಲಿನಲ್ಲಿ ವಿಡಿಯೋಗಳನ್ನು ನೋಡಿ ಒಂದು ಪಟ್ಟಿ ಮಾಡಿದೆ. ಹಳೆಯ ವ್ಯಾನಿನಲ್ಲಿ ನೋಡಬೇಕಾದ ಇಪ್ಪತ್ತೆರಡು ಅಂಶಗಳು. ಪಟ್ಟಿಯನ್ನು ಸರೋಜಳಿಗೆ ತೋರಿಸಿದೆ. ಅವಳು ಪೂರ್ತಿ ಓದಿ, ಮಡಿಚಿ ನನ್ನ ಜೇಬಿಗೇ ಇಟ್ಟು, "ಅವ್ವನ್ನೂ ಕರ್ಕಂಡು ಹೋಗನ" ಎಂದಳು.

ಅವ್ವ ಎಂದರೆ ನಾಗಮ್ಮತ್ತೆ. ನನ್ನ ಅಪ್ಪನ ತಂಗಿ, ಸರೋಜಳ ತಾಯಿ. ನಮ್ಮಲ್ಲಿ ಸೋದರತ್ತೆಯೇ ಹೆಣ್ಣು ಕೊಡುವುದು ಹೊಸದಲ್ಲ. ಅದರಿಂದ ಅವರಿಗೆ ನನ್ನನ್ನು ಬೈಯುವ ಹಕ್ಕು ಎರಡು ಕಡೆಯಿಂದ ಬಂದಿದೆ. ಎಪ್ಪತ್ತು ದಾಟಿದವರು. ವ್ಯಾನಿನಲ್ಲಿ ಕೂತಿದ್ದಾರೆಯೇ ಹೊರತು ವ್ಯಾನನ್ನು ನೋಡಿದವರಲ್ಲ. ಆದರೆ ಎತ್ತು ನೋಡುವುದರಲ್ಲಿ ಕಂಬಂ ಕಣಿವೆಯಲ್ಲೇ ಅವರದು ದೊಡ್ಡ ಹೆಸರು. ದನ ಎಂದರೆ ನಮ್ಮ ಜನಕ್ಕೆ ಅರ್ಧ ದೇವರು. ಅಂಥ ಜನವೂ ಎತ್ತಿನ ಜೋಡಿ ಕೊಳ್ಳುವ ಮೊದಲು ಅತ್ತೆಯನ್ನು ಕರೆದುಕೊಂಡು ಹೋಗುತ್ತಿದ್ದರು. ಈಗ ಎತ್ತು ಕೊಳ್ಳುವವರಿಲ್ಲ. ಅತ್ತೆಯ ಕಣ್ಣು ಮಾತ್ರ ಹಾಗೇ ಉಳಿದಿದೆ, ಮನೆಯಲ್ಲಿ ಅದು ಹೆಚ್ಚಾಗಿ ನನ್ನ ಮೇಲೆಯೇ ಇರುತ್ತದೆ.

ವ್ಯಾನ್ ಇದ್ದದ್ದು ನಿಲಕ್ಕೋಟ್ಟೈ ಹತ್ತಿರ, ಒಬ್ಬ ಹೂವಿನ ರೈತನ ಮನೆಯಲ್ಲಿ. ಹತ್ತು ಗಂಟೆಗೆ ಬನ್ನಿ ಎಂದು ಫೋನಿನಲ್ಲಿ ತಮಿಳಿನಲ್ಲಿ ಹೇಳಿದ್ದ. ಅತ್ತೆ ನಮ್ಮನ್ನು ಕೋಳಿ ಕೂಗುವ ಮೊದಲೇ ಎಬ್ಬಿಸಿ, ಏಳಕ್ಕೆಲ್ಲ ಅವನ ಅಂಗಳದಲ್ಲಿ ನಿಲ್ಲಿಸಿದರು. ಇದು ಮರ್ಯಾದೆಯಲ್ಲ ಎಂದು ಬಸ್ಸಿನಲ್ಲಿ ಗೊಣಗಿದ್ದೆ. "ಎದ್ದು ನಿಂತಿರೋ ಎತ್ತ ಯಾವನು ಬೇಕಾದ್ರೂ ಚೆಂದಾಗಿ ತೋರ್ಸ್ತಾನೆ, ಅಳಿಯ. ಮಲಗಿದ್ದು ಏಳೋದ ನೋಡಬೇಕು" ಎಂದಿದ್ದರು.

ವ್ಯಾನ್ ಬಿಳಿಯದು, ಹಾಗೆಂದು ನಂಬಬೇಕು. ಒಳಗೆಲ್ಲ ಮಲ್ಲಿಗೆಯ ವಾಸನೆ. ನಾನು ಪಟ್ಟಿ ತೆಗೆದು ಮೊದಲನೆಯ ಅಂಶಕ್ಕೆ ಬಂದೆ: ಇಂಜಿನ್ ನೋಡುವುದು. ಮುಂಭಾಗವನ್ನೆಲ್ಲ ತಡವಿದೆ, ಬಗ್ಗಿದೆ, ಇಣುಕಿದೆ. ಇಂಜಿನ್ ಎಲ್ಲೂ ಸಿಗಲಿಲ್ಲ. ಇಂಜಿನ್ನೇ ಇಲ್ಲದ ವ್ಯಾನನ್ನು ನಮಗೆ ಕಟ್ಟಲು ನೋಡುತ್ತಿದ್ದಾನೆ ಎಂಬ ಸಂಶಯವೂ ಒಂದು ಗಳಿಗೆ ಬಂತು. ನಾನು ಹೀಗೆ ಹುಡುಕುತ್ತಿರುವಾಗ ರೈತ ಪಕ್ಕದಲ್ಲಿ ಕಟ್ಟಿದ್ದ ಹಸುವನ್ನು ಅತ್ತ ಸರಿಸಿ, ಬಂದು ಡ್ರೈವರ್ ಪಕ್ಕದ ಸೀಟನ್ನು ಎತ್ತಿದ. ಇಂಜಿನ್ ಅದರ ಕೆಳಗಿತ್ತು. ಅತ್ತೆ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಅದರ ಮೇಲೆ ಅಂಗೈ ಇಟ್ಟರು. ತಣ್ಣಗಿತ್ತು. ಸರೋಜ ಕೀಲಿ ತಿರುಗಿಸಿದಳು. ಅದು ಎರಡು ಸಲ ಕೆಮ್ಮಿ ಎದ್ದಿತು. ಅತ್ತೆ ಕಣ್ಣು ಮುಚ್ಚಿ ಕೇಳಿ, ಸರಿ ಎಂಬಂತೆ ತಲೆ ಆಡಿಸಿದರು.

ನಮ್ಮವರಿಗೆ ಒಂದು ಹಳೆಯ ಅಭ್ಯಾಸವಿದೆ. ನೂರಾರು ವರ್ಷ ತಮಿಳಿನ ಪಕ್ಕದಲ್ಲೇ ಕೂತು ಉಂಡ ನಮ್ಮ ಮನೆಮಾತು ಕನ್ನಡವನ್ನು ಹೊರಗೆ ಗುಟ್ಟಿನ ಭಾಷೆಯಾಗಿ ಬಳಸುವುದು. (ನೀವು ಓದುತ್ತಿರುವ ಈ ಕನ್ನಡವನ್ನು ನಾನು ಕಲಿತದ್ದು ಮೈಸೂರಿನ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದಾಗ, ಅತ್ತೆ ಅದನ್ನು ರೇಡಿಯೋ ಮಾತು ಎನ್ನುತ್ತಾರೆ.) ದಿಂಡಿಗಲ್ಲಿನ ಅಂಗಡಿಗಳಲ್ಲಿ ಮಾಲೀಕನ ಎದುರಿಗೇ ನಿಂತು, ಅವನ ಸೀರೆಯನ್ನೂ ಅವನ ಮುಖವನ್ನೂ ಒಟ್ಟಿಗೆ ಜರೆಯುವ ಸುಖವೇ ಬೇರೆ. ಆ ಧೈರ್ಯದಲ್ಲಿ ನಾನು ರೈತನ ಮುಂದೆಯೇ, ಮುಖದಲ್ಲಿ ನಗೆ ಇಟ್ಟುಕೊಂಡು, ಅತ್ತೆಗೆ ಹೇಳಿದೆ: "ಇವನ ನಂಬಬ್ಯಾಡ ಅತ್ತೆ. ಮೊಗ ನೋಡು, ಹಾಲು ಕುಡಿದ ಬೆಕ್ಕಿನಂಗೆ ಅದೆ. ಮಲ್ಲಿಗೆ ವಾಸನೆ ಹಾಕಿ ಏನೋ ಮುಚ್ಚವ್ನೆ." ರೈತ ಕೈಕಟ್ಟಿ ನಿಂತಿದ್ದ. ಮೀಸೆಯ ಒಂದು ಕೂದಲೂ ಅಲುಗಲಿಲ್ಲ.

ಅತ್ತೆ ವ್ಯಾನನ್ನು ಎರಡು ಮಾರು ಮುಂದಕ್ಕೆ ತೆಗೆಸಿ, ಅದು ನಿಂತಿದ್ದ ನೆಲವನ್ನು ಕುಕ್ಕರಗಾಲಿನಲ್ಲಿ ಕೂತು ನೋಡಿದರು. ಆಮೇಲೆ ಟೈರುಗಳ ಮೇಲೆ ಗೊರಸು ಸವರುವಂತೆ ಅಂಗೈ ಸವರುತ್ತಾ ಸುತ್ತು ಬಂದರು. ಎಡಗಡೆಯ ಹಿಂದಿನ ಚಕ್ರದ ಒಳಮೈಗೆ ಕೈ ಹಾಕಿದವರು ಅಲ್ಲೇ ನಿಂತರು. ಬೆರಳಿಗೆ ಅಂಟಿದ್ದನ್ನು ತಿಕ್ಕಿ ನೋಡಿ, ಮೂಸಿ ನೋಡಿ, "ಮಿಕ್ಕ ಮೂರು ಕಾಲು ಒಣಗವೆ. ಈ ಹಿಂಗಾಲು ಬೆವರ್ತದೆ" ಎಂದರು. ನನ್ನ ಪಟ್ಟಿಯನ್ನು ಮೇಲಿನಿಂದ ಕೆಳಗೆ ಹುಡುಕಿದೆ. ಬೆವರುವುದರ ಬಗ್ಗೆ ಏನೂ ಇರಲಿಲ್ಲ.

ಆಮೇಲೆ ಅತ್ತೆ ಎದ್ದು ನಿಂತು, ನನ್ನನ್ನೂ ನೋಡದೆ, ರೈತನನ್ನೂ ನೋಡದೆ, ಬೇಲಿಯ ಮಲ್ಲಿಗೆ ಗಿಡಕ್ಕೆ ಹೇಳುವವರ ಹಾಗೆ, ಸ್ವಲ್ಪ ದನಿಯೇರಿಸಿಯೇ ನಮ್ಮ ಮಾತಿನಲ್ಲಿ ಹೇಳಿದರು: "ನನಗೆ ಇರೋದು ಒಬ್ಳೇ ಮಗಳು. ದಿನಾ ಈ ವಂಡೀಲಿ ಬೋಡಿಮೆಟ್ಟು ಹತ್ತಿ ಇಳೀತಾಳೆ. ಹತ್ತುವಾಗ ಹಿಂದೆ ಸಾಂಬಾರಿನ ಅಂಡೆ, ಇಳಿಯುವಾಗ ಮುಂದೆ ಪಾತಾಳ. ನಾಳೆ ಏನಾರ ಆದ್ರೆ ನಾ ಯಾರ ಕೇಳಲಿ?"

ರೈತ ಒಳಗೆ ಹೋದ. ಬರುವಾಗ ಅವನ ಕೈಯಲ್ಲಿ ನಾಲ್ಕು ಲೋಟ ಕಾಫಿ ಇತ್ತು. ಅತ್ತೆಗೆ ಮೊದಲು ಕೊಟ್ಟು, ನೆಲ ನೋಡುತ್ತಾ ಹೇಳಿದ: "ಅವ್ವಾ, ಆ ಚಕ್ರದಾಗೆ ಬ್ರೇಕ್ ಆಯಿಲ್ ಸೋರ್ತದೆ. ನಾನು ಹೂವ ಮೂಟೆ ಮಾರ್ಕೆಟ್ಟಿಗೆ ಕೊಂಡೋಗಾಕೆ ಅದೇ ಸಾಕಾಗಿತ್ತು, ಸುಮ್ಮನಿದ್ದೆ. ಘಾಟಿಗಾದ್ರೆ ಹಿಂಗೆ ಕೊಡಲ್ಲ. ರಿಪೇರಿ ಮಾಡ್ಸಿ ಕೊಡ್ತೀನಿ." ಹೇಳಿದ್ದು ನಮ್ಮ ಕನ್ನಡದಲ್ಲಿ, ಅತ್ತೆಯದಕ್ಕಿಂತ ಒಂದು ತಲೆಮಾರು ಹಳೆಯದಾದ, ಅಪ್ಪಟ ಕನ್ನಡದಲ್ಲಿ. ಆಮೇಲೆ ನನ್ನ ಕೈಗೆ ಲೋಟ ಕೊಟ್ಟು, "ತಗ ತಂಬಿ. ಈ ಬೆಕ್ಕು ಹಾಲು ಕುಡಿಯಲ್ಲ, ಬರೀ ಕಾಪಿ" ಎಂದ.

ಭೂಮಿ ಬಾಯಿ ಬಿಡಬಾರದೇ ಎಂದು ಅನ್ನಿಸುವುದು ಇಂಥ ಹೊತ್ತಿನಲ್ಲೇ. ಕಾಫಿ ಕುಡಿದಾದ ಮೇಲೆ ಅತ್ತೆಯನ್ನು ಒಂದು ಪಕ್ಕಕ್ಕೆ ಕರೆದು, ಅವನು ನಮ್ಮವನೆಂದು ನಿನಗೆ ಗೊತ್ತಿತ್ತೇ ಎಂದು ಕೇಳಿದೆ. "ನೀ ಇಂಜಿನ್ ಹುಡುಕ್ತಾ ಇದ್ಯಲ್ಲ, ಆಗ ಅವನು ಹಸೂಗೆ 'ಅತ್ಲಾಗಿ ಸರಿಯವ್ವ' ಅಂದ. ಊರೋರ ಜೊತೆ ಯಾವ ಮಾತಾದ್ರೂ ಆಡ್ತಾರೆ, ಹಸೂ ಜೊತೆ ಮನೆ ಮಾತೇ ಆಡೋದು" ಎಂದರು. ನಾನು ಅತ್ತೆಯನ್ನೇ ನೋಡುತ್ತಾ ನಿಂತೆ. ನಾನು ಬೈಯಲು ಬಳಸಿದ ಗುಟ್ಟಿನ ಭಾಷೆಯನ್ನೇ ಅವರು ಒಬ್ಬ ಮನುಷ್ಯನ ಬಾಯಿಂದ ನಿಜ ಹೊರಡಿಸಲು ಬಳಸಿದ್ದರು. ಇಷ್ಟು ವರ್ಷ ಒಂದೇ ಮನೆಯಲ್ಲಿ ಊಟ ಮಾಡಿಯೂ ಇವರನ್ನು ಸರಿಯಾಗಿ ನೋಡಿಲ್ಲವಲ್ಲ ಎಂದು ನಿಜವಾಗಿಯೂ ಅನ್ನಿಸಿತು.

ನನ್ನ ಮಟ್ಟಿಗೆ ವ್ಯಾಪಾರ ಅಲ್ಲಿಗೇ ಮುಗಿದಿತ್ತು. ನಮ್ಮವನು, ತಾನಾಗಿಯೇ ದೋಷ ಒಪ್ಪಿದವನು, ಇನ್ನೇನು ನೋಡುವುದು? ಪಟ್ಟಿಯನ್ನು ಹರಿಯಲು ಹೊರಟೆ. ಅತ್ತೆ ತಡೆದರು. "ನಮ್ಮೋರು ಅಂದ ಮೇಲೆ ಇನ್ನೂ ಗಟ್ಟಿಯಾಗಿ ನೋಡಬೇಕು. ಒಂದು ಕಿತ ನಮ್ಮೋರು ಅಂತ ನೋಡದೆ ತಗಂಡು ಪಾಡು ಪಟ್ಟಿದ್ದು ಸಾಕು" ಎಂದರು. ಅಷ್ಟರಲ್ಲಿ ಹತ್ತಿರ ಬಂದಿದ್ದ ರೈತನೂ ತಲೆಯಾಡಿಸಿದ. ಯಾವ ಎತ್ತಿನ ಕಥೆಯೋ ಇರಬೇಕೆಂದುಕೊಂಡು ನಾನು ಪಟ್ಟಿಯನ್ನು ಮತ್ತೆ ಜೇಬಿಗಿಟ್ಟೆ.

ವಾರದ ಮೇಲೆ ಅವನು ಬ್ರೇಕ್ ಸರಿಮಾಡಿಸಿ, ತಾನೇ ಬೋಡಿಯ ತನಕ ಓಡಿಸಿಕೊಂಡು ಬಂದು, ನೀವೇ ಘಾಟಿ ಹತ್ತಿಸಿ ನೋಡಿ ಆಮೇಲೆ ಹೇಳಿ ಎಂದು ವ್ಯಾನನ್ನು ಬಿಟ್ಟುಹೋದ. ಸರೋಜ ಸ್ಟಿಯರಿಂಗ್ ಹಿಡಿದಳು. ಅತ್ತೆ ಅವಳ ಪಕ್ಕ ಕೂತರು. ಹಿಂದೆ ಸಾಂಬಾರಿನ ಅಂಡೆಗಳ ತುಂಬ ನೀರು, ಅವು ಉರುಳದಂತೆ ತಬ್ಬಿಕೊಂಡು ನಾನು. ಮೆಟ್ಟಿನ ತನಕ ಹತ್ತಿ, ಇಳಿದೆವು. ಪ್ರತಿ ತಿರುವಿಗೂ ಸರೋಜ ಬ್ರೇಕ್ ಒತ್ತುವುದು, ಅಂಡೆಯ ನೀರು ನನ್ನ ಅಂಗಿಗೆ ಬರುವುದು. ಕಣ್ಣು ಮುಚ್ಚಲೂ ಕೈ ಬಿಡುವಿರಲಿಲ್ಲ, ಹಾಗಾಗಿ ಜೀವನದಲ್ಲಿ ಮೊದಲ ಸಲ ಆ ಘಾಟಿಯನ್ನು ಕಣ್ಣುಬಿಟ್ಟು ನೋಡಿದೆ. ಕೆಳಗೆ ಅಷ್ಟು ದೊಡ್ಡ ಕಣಿವೆ ಇದೆಯೆಂದು ನನಗೆ ತಿಳಿದಿರಲಿಲ್ಲ. ಸರೋಜ ಅದನ್ನು ದಿನಾ ನೋಡುತ್ತಾಳೆ, ಬಂದು ಏನೂ ಆಗದವಳಂತೆ ಪಾತ್ರೆ ತೊಳೆಯುತ್ತಾಳೆ.

ಬುಡಕ್ಕೆ ಬಂದೊಡನೆ ಅತ್ತೆ ಇಳಿದು ನಾಲ್ಕೂ ಚಕ್ರಗಳ ಹತ್ತಿರ ಒಂದೊಂದಾಗಿ ಅಂಗೈ ಹಿಡಿದರು. "ನಾಲ್ಕೂ ಒಂದೇ ಸಮ ಕಾದವೆ. ಯಾವ ಕಾಲೂ ಸುಳ್ಳು ಹೇಳ್ತಾ ಇಲ್ಲ. ತಗಳ್ರಿ" ಎಂದರು. ಚಹಾ ಅಂಗಡಿಯ ಬಳಿ ನಿಂತಿದ್ದ ಮೆಕ್ಯಾನಿಕ್ ಒಬ್ಬ, ತಾನೂ ಬ್ರೇಕನ್ನು ಹೀಗೇ ನೋಡುವುದು, ಈ ಅಮ್ಮ ಯಾವ ವರ್ಕ್‌ಶಾಪಿನವರು ಎಂದು ನನ್ನನ್ನು ಕೇಳಿದ. ನಾನು ಹೆಮ್ಮೆಯಿಂದ ನಮ್ಮ ಮನೆಯವರು ಎಂದೆ.

ಬೆಂಚಿನ ಮೇಲೆ ಕೂತು ಚಹಾ ಕುಡಿಯುವಾಗ ನೆನಪಾಗಿ ಕೇಳಿದೆ, "ಅತ್ತೆ, ನಮ್ಮೋರು ಅಂತ ನೋಡದೆ ತಗಂಡೆ ಅಂದ್ಯಲ್ಲ, ಅದು ಯಾವ ಎತ್ತು?"

ಅತ್ತೆ ಚಹಾ ಊದಿದರು. ಒಂದು ಗುಟುಕು ಕುಡಿದರು. "ಎತ್ತಲ್ಲಪ್ಪ. ಅಣ್ಣನ ಮಗ ಅಲ್ವಾ, ಅವನ ಏನು ನೋಡೋದು ಅಂತ ಕೊಟ್ಟುಬಿಟ್ಟೆ" ಎಂದರು.

ವ್ಯಾನಿನೊಳಗಿಂದ ಸರೋಜ ಹಾರ್ನ್ ಒತ್ತಿದಳು. ನಗುವನ್ನು ಅಡಗಿಸಲು ಒತ್ತಿದ್ದೆಂದು ನನಗೆ ಗೊತ್ತು. ಲೋಟ ಕೆಳಗಿಟ್ಟು ಬೆಂಚಿನಿಂದ ಎದ್ದೆ. ಏಳುವಾಗ ಎಡ ಮಂಡಿ ಚಟಕ್ಕೆಂದಿತು. ಅತ್ತೆ ಕಣ್ಣು ಮುಚ್ಚಿ ಅದನ್ನು ಕೇಳಿಸಿಕೊಂಡರು, ಆದರೆ ಈ ಸಲ ತಲೆ ಆಡಿಸಲಿಲ್ಲ.