ಮೇರಿ ಮಾತೆ ಕೊಕ್ಕಡಕ್ಕೆ ಹೋದದ್ದು

ವೇಣೂರಿನ ನಮ್ಮ ಡ್ರಾಯಿಂಗ್ ಮಾಸ್ಟ್ರು ಕುಂಚ ಹಿಡಿದರೆಂದರೆ ಏನಾದರೊಂದು ಆಗದೆ ಇರುವುದಿಲ್ಲ. ಅವರ ಚಿತ್ರಗಳಿಗೆ ಫ್ರೇಮು ಹಾಕುವುದು ಮೂಡುಬಿದಿರೆಯ ನನ್ನ ಅಂಗಡಿಯಲ್ಲಿ, ಹಾಗಾಗಿ ಎಲ್ಲದಕ್ಕೂ ನಾನೇ ಸಾಕ್ಷಿ. ಶಾಲೆಯಲ್ಲಿ ಕೊನೆಯವರೆಗೂ ಹೂಜಿ, ಮಾವಿನಹಣ್ಣು ಬಿಡಿಸಲು ಕಲಿಸಿದ ಈ ಜೈನ ಮಾಸ್ಟ್ರಿಗೆ ನಿವೃತ್ತಿಯ ನಂತರ ಬಂದ ದೊಡ್ಡ ಕೆಲಸ ಮೇರಿ ಮಾತೆಯದ್ದು. ಮಡಂತ್ಯಾರಿನ ಕ್ರಿಶ್ಚಿಯನ್ ಬಾಯಮ್ಮ ಒಬ್ಬರು, ಮಗಳು ನರ್ಸ್ ಆಗಿರುವ ಇಟಲಿಗೆ ಹೋಗಿ, ಮಾತೆಯ ಐನೂರು ವರ್ಷ ಹಳೆಯ ತೈಲಚಿತ್ರವೊಂದನ್ನು ನೋಡಿ ಬಂದಿದ್ದರು. ಅಂಥದ್ದೇ ಬರೆಯಿಸಿ ಸೆಪ್ಟೆಂಬರಿನ ತೆನೆಹಬ್ಬಕ್ಕೆ ಇಗರ್ಜಿಗೆ ಕೊಡುವುದು ಅವರ ಹರಕೆ. ಅವರು ತಂದ ಆ ಚಿತ್ರದ ಕಾರ್ಡಿನಲ್ಲಿ ಮಾತೆಯ ಮಡಿಲಲ್ಲಿ ಮಗು, ಹೊದಿಕೆ ಫಳಫಳ ನೀಲಿ.

ಸೌತೆಕಾಯಿ

ಬಟ್ಟೆಯ ನೆರಿಗೆ ಕಣ್ಣಾರೆ ನೋಡಿಯೇ ಬರೆಯಬೇಕೆಂದು ಮಾಸ್ಟ್ರು ಹೆಂಡತಿಗೆ, ಎಂದರೆ ನಮ್ಮೆಲ್ಲರ ಅಕ್ಕನಿಗೆ, ನೀಲಿ ಸೀರೆ ಹೊದಿಸಿ, ಮಗುವಿನ ಬದಲು ಮಡಿಲಲ್ಲಿ ದೊಡ್ಡ ಸೌತೆಕಾಯಿ ಇಟ್ಟು ಕೂರಿಸಿದರು. ಪಕ್ಕದ ಮನೆಯವಳು ಬಂದು ಮಾತಾಡಿಸಿದರೆ ಅಕ್ಕ ಅಲುಗಾಡುವಂತಿಲ್ಲ. ಆಕೆ ಹೆದರಿ, "ಅಕ್ಕನ ಮೈಮೇಲೆ ಏನೋ ಬಂದಿದೆ" ಎಂದು ನಾಲ್ಕು ಮನೆಯವರನ್ನು ಕರೆತಂದಳು. ಬಂದವರಿಗೆ ಕಾಫಿ ಆಯಿತು, ಹೊತ್ತಾಯಿತೆಂದು ಊಟವೂ ಆಯಿತು. ಮರುದಿನ ಕುಂಚ ಹಿಡಿದ ಮಾಸ್ಟ್ರು, "ಮಗು ಎಲ್ಲಿ?" ಎಂದು ಕೇಳಿದರು.

"ನಿನ್ನೆ ಸಾಂಬಾರಿಗೆ ಹಾಕಿದೆನಲ್ಲ" ಎಂದರು ಅಕ್ಕ.

ಬರಿಗಿವಿ

ಅರ್ಧ ಮುಗಿದಾಗ ಇಗರ್ಜಿಯ ಹಿರಿಯರೊಬ್ಬರು ನೋಡಲು ಬಂದರು. "ಮುಖ ಚಂದ ಉಂಟು ಮಾಸ್ಟ್ರೇ. ಕಿವಿಗೆ ಮಾತ್ರ ಏನೂ ಇಲ್ಲ. ನಮ್ಮ ಮನೆಯ ಹೆಂಗಸರು ಹಬ್ಬಕ್ಕೆ ಹೀಗೆ ಹೊರಡುವುದಿಲ್ಲ."

ಮೂಲದಲ್ಲಿ ಇಲ್ಲದ್ದನ್ನು ಮಾಸ್ಟ್ರು ಸೇರಿಸುವವರಲ್ಲ, ಹಿರಿಯರ ಮನಸ್ಸು ನೋಯಿಸುವವರೂ ಅಲ್ಲ. ತಲೆ ಎತ್ತದೆ, "ಕೈಯಲ್ಲಿ ಮಗು ಉಂಟಲ್ಲ, ಎಳೆಯುತ್ತದೆ ಅಂತ ತೆಗೆದಿಟ್ಟಿದ್ದಾರೆ" ಎಂದರು. ಮೊಮ್ಮಕ್ಕಳನ್ನು ಎತ್ತಿ ಅನುಭವವಿದ್ದ ಹಿರಿಯರು "ಅದು ಹೌದು" ಎಂದು ಒಪ್ಪಿ ಹೋದರು.

ಹೊಗೆಮನೆ

ಮುಗಿದ ಚಿತ್ರ ನೋಡಿ ನನ್ನ ಕಣ್ಣು ತುಂಬಿತು, ಅಷ್ಟು ಚಂದ. ಆದರೆ ನಮ್ಮೂರ ಮಳೆಗೆ ಎಣ್ಣೆಬಣ್ಣ ಒಣಗಬೇಕಲ್ಲ. ಹಬ್ಬ ಹತ್ತಿರ ಬಂದರೂ ಮುಟ್ಟಿದರೆ ಬೆರಳೆಲ್ಲ ನೀಲಿ. "ಕೊಕ್ಕಡದ ಭಾವನ ರಬ್ಬರ್ ತೋಟದ ಹೊಗೆಮನೆಗೆ ಕೊಂಡುಹೋಗುವ" ಎಂದರು ಮಾಸ್ಟ್ರು. ಒಣಗಲು ಹಾಕಿದ್ದ ರಬ್ಬರ್ ಶೀಟುಗಳ ನಡುವೆ ಮಾತೆಯನ್ನೂ ತೂಗುಹಾಕಿ, ಬೆಂಕಿ ಸಣ್ಣದಿರಲಿ ಎಂದು ಹೇಳಿ ಬಂದೆವು. ತರಲು ಹೋಗಿ ನೋಡಿದರೆ ಭಾವ ಪ್ರೀತಿಯಿಂದ ತೆಂಗಿನ ಸಿಪ್ಪೆ ತುಂಬಿಸಿಯೇ ಹೊಗೆ ಹಾಕಿದ್ದರು. ಚಿತ್ರ ಒಣಗಿತ್ತು. ನೀಲಿ ಹೊದಿಕೆ ಮಾತ್ರ ಕಷಾಯದ ಬಣ್ಣಕ್ಕೆ ತಿರುಗಿತ್ತು. ಆಯುಷ್ಯದಲ್ಲಿ ಬಂದ ಒಂದೇ ದೊಡ್ಡ ಕೆಲಸ ಹಾಳಾಯಿತೆಂದು ಮಾಸ್ಟ್ರು ತಲೆಗೆ ಕೈ ಹೊತ್ತು ಕುಳಿತರು.

ಚಿತ್ರವನ್ನು ಫ್ರೇಮಿಗೆಂದು ನನ್ನ ಅಂಗಡಿಗೆ ತರುವಷ್ಟರಲ್ಲಿ ಬಾಯಮ್ಮ ಬಂದೇಬಿಟ್ಟರು. ಬಹಳ ಹೊತ್ತು ನೋಡಿ ಶಿಲುಬೆಯ ಗುರುತು ಮಾಡಿಕೊಂಡರು. "ಅಲ್ಲಿ ನಾನು ನೋಡಿದ್ದು ಇದೇ ಬಣ್ಣ ಮಾಸ್ಟ್ರೇ. ಇಷ್ಟು ಹಳತು ಹೇಗೆ ಮಾಡಿದ್ರಿ?"

ಮಾಸ್ಟ್ರು ಏನೂ ಮುಚ್ಚಿಡದೆ ಹೊಗೆಮನೆಯ ಕಥೆ ಪೂರ್ತಿ ಹೇಳಿದರು.

ಬಾಯಮ್ಮ ಕಣ್ಣೊರೆಸಿಕೊಂಡರು. "ಇಟಲಿಯಲ್ಲೂ ರಬ್ಬರ್ ತೋಟ ಉಂಟಂತ ಮಗಳು ನನಗೆ ಹೇಳಲೇ ಇಲ್ಲ ನೋಡಿ."