ಕಂಪ್ಯೂಟರಿನ ಎತ್ತಿಗೆ ಬಂದ ಸುಳಿ

ಎರಡು ಅರ್ಧಗಳನ್ನು ಕೂಡಿಸಿ ಒಂದು ಮಾಡುವುದು ಸುಲಭದ ಕೆಲಸವಲ್ಲ. ಮದುವೆ ದಲ್ಲಾಳಿಗಳು ಅದನ್ನು ಎಲೆ ಅಡಿಕೆ ಜಗಿಯುತ್ತಲೇ ಮುಗಿಸಿಬಿಡುತ್ತಾರೆ, ನಿಜ. ನಾನು ಮಾತ್ರ ಒಂದು ಎತ್ತಿನ ಎರಡು ಅರ್ಧಗಳನ್ನು ಕೂಡಿಸಲು ಹೋಗಿ, ಕೂಡಿಕೊಂಡಿದ್ದ ಸಂಸಾರವನ್ನೇ ಎರಡು ಮಾಡಿಕೊಳ್ಳುವುದರಲ್ಲಿದ್ದೆ.

ತೊಂಬತ್ತರ ದಶಕದ ಕೊನೆಯ ಮಾತು. ಪಾಂಡವಪುರದಲ್ಲಿ ಕಂಪ್ಯೂಟರ್ ಕಲಿಸುವ ಮೇಷ್ಟ್ರಾಗಿದ್ದ ನನಗೆ ಕಾರ್ ರೇಸಿನ ಆಟವೊಂದರ ಹುಚ್ಚು ಹಿಡಿದಿತ್ತು. ಆ ಆಟದಲ್ಲಿ ಕಾರನ್ನು ತೆಗೆದು ನಾವೇ ಮಾಡಿದ ಆಕೃತಿಯನ್ನು ಕೂರಿಸಬಹುದು ಎಂದು ತಿಳಿದದ್ದೇ ತಡ, ಒಂದು ಎತ್ತು ಮಾಡಲು ಕೂತೆ. ಕಾರು ನಮ್ಮ ವಂಶದಲ್ಲಿ ಯಾರೂ ಕಂಡದ್ದಲ್ಲ. ಎತ್ತಾದರೆ ಒದೆ ತಿಂದ ಪರಿಚಯವಾದರೂ ಇತ್ತು. ಕಂಪ್ಯೂಟರಿನ ಎತ್ತೆಂದರೆ ಸಣ್ಣ ಸಣ್ಣ ತ್ರಿಕೋನಗಳನ್ನು ಜೋಡಿಸಿದ ಪೊಳ್ಳು ಚಿಪ್ಪು. ಸೋಮಾರಿಯಾದ ನಾನು ಎಡಭಾಗವನ್ನಷ್ಟೇ ಮಾಡಿ, ಅದನ್ನೇ ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಬಲಕ್ಕೆ ಅಂಟಿಸಿದೆ. ಅಂಟಿತು ಎಂದುಕೊಂಡೆ. ಎರಡು ಭಾಗ ಕೂಡುವ ಅಂಚಿನಲ್ಲಿ ತ್ರಿಕೋನಗಳ ಮೂಲೆಯ ಚುಕ್ಕೆಗಳು ಒಂದರ ಪಕ್ಕ ಒಂದು ನಿಂತಿದ್ದವೇ ಹೊರತು ಒಂದಾಗಿರಲಿಲ್ಲ. ಹಾಗಾಗಿ ಬೆಳಕು ಎರಡು ಕಡೆಗೂ ಬೇರೆ ಬೇರೆಯಾಗಿ ಬಿದ್ದು, ಹೆಗಲಿನಿಂದ ಬಾಲದವರೆಗೆ ಬೆನ್ನ ಮೇಲೊಂದು ಕಪ್ಪು ಗೆರೆ ಕಾಣುತ್ತಿತ್ತು.

ಆ ಹೊತ್ತಿಗೆ ಸರಿಯಾಗಿ ಅಕ್ಕಿಹೆಬ್ಬಾಳಿನಿಂದ ಮಾವ ಬಂದರು. ದನ ಕೊಳ್ಳುವಾಗ ಹಲ್ಲು ಎಣಿಸುವ ಮೊದಲು ಮೈಮೇಲಿನ ಕೂದಲ ಸುಳಿ ನೋಡುವವರು. ಕೆಟ್ಟ ಸುಳಿಯ ದನ ಕಟ್ಟಿದರೆ ಮನೆ ಹಾಳು ಎಂಬುದು ಅವರ ನಂಬಿಕೆ. ಕಾಫಿ ಲೋಟ ಹಿಡಿದು ಪರದೆಯ ಮುಂದೆ ನಿಂತವರು ಕುಡಿಯುವುದನ್ನೇ ಮರೆತರು.

“ಅಳಿಯಂದ್ರೇ, ಬೆನ್ನುದ್ದಕ್ಕೂ ಸುಳಿ ಓಡೈತೆ. ಇಂಥದ್ನ ಯಾರಾದ್ರೂ ಕಟ್ಕತಾರಾ?”

“ಮಾವ, ಇದು ಕಂಪ್ಯೂಟರಿನ ಎತ್ತು.”

“ಬೇರೇವ್ರು ಕೊಟ್ಟಿಗೇಲಿ ಕಟ್ತಾರೆ, ನೀವು ನಡುಮನೇಲೇ ಕಟ್ಟಿದ್ದೀರಲ್ಲ. ಇದಿರೋಗಂಟ ನನ್ ಮಗಳು ಇಲ್ಲಿರಾಕಿಲ್ಲ. ಸವಿತಾ, ಬಟ್ಟೆ ತುಂಬ್ಕೊ ಮಗ.”

ನನ್ನ ಹೆಂಡತಿ ನಗುತ್ತಾಳೆಂದು ಅವಳ ಕಡೆ ನೋಡಿದೆ. ಅವಳು ಬ್ಯಾಗು ಹುಡುಕುತ್ತಿದ್ದಳು. ತವರಿಗೆ ಹೋಗಲು ಅವಳಿಗೂ ಒಂದು ನೆಪ ಬೇಕಿತ್ತೆಂದು ನನ್ನ ಗುಮಾನಿ. ನನಗೋ ಅನ್ನಕ್ಕೆ ಎಷ್ಟು ನೀರಿಡಬೇಕೆಂಬುದೂ ಗೊತ್ತಿಲ್ಲ. ಸಂಜೆ ಬಸ್ಸಿನ ಹೊತ್ತಿನವರೆಗೆ ಅವಕಾಶ ಬೇಡಿ ಕೂತೆ.

ಬೆನ್ನಿನ ಚುಕ್ಕೆಗಳನ್ನೆಲ್ಲ ಒಂದೊಂದಾಗಿ ಹಿಡಿದು ಬೆಸೆದೆ. ಗೆರೆ ಹೋಯಿತು. ಆದರೆ ಅವಸರದಲ್ಲಿ ಇಡೀ ಮೈಯ ನೆರಳನ್ನೇ ನಯ ಮಾಡಿದ್ದರಿಂದ ಕೊಂಬು, ಗೊರಸುಗಳ ಅಂಚೆಲ್ಲ ಕರಗಿ ಎತ್ತು ಎಣ್ಣೆ ಹಚ್ಚಿದ ಬದನೆಕಾಯಿಯಂತಾಯಿತು. ಮತ್ತೆ ಕೊಂಬಿನ ಬುಡದಲ್ಲಿ ಬೇಕೆಂದೇ ಬೆಸುಗೆ ಬಿಡಿಸಿ ಅಂಚು ತಂದೆ. ಬೆನ್ನು ಮಾತ್ರ ಸವರಿದರೆ ಕೈ ಜಾರುವಂತಿತ್ತು. ಹೆಮ್ಮೆಯಿಂದ ಮಾವನನ್ನು ಕರೆದೆ.

ಅವರ ಮುಖ ಇನ್ನಷ್ಟು ಗಂಟಾಯಿತು. “ದನದ ಸುಳಿ ಸುಟ್ಟು ಬಣ್ಣ ಬಳಿಯೋ ದಲ್ಲಾಳಿಗಳ್ನ ಬೇಕಾದಷ್ಟು ನೋಡಿವ್ನಿ. ನಮ್ಮ ಅಳಿಯಂದ್ರೂ ಅದೇ ಕಸುಬಿಗೆ ಇಳೀತಾರೆ ಅಂದ್ಕಂಡಿರ್ನಿಲ್ಲ ಬುಡಿ.”

ಸವಿತಾ ಬ್ಯಾಗಿನ ಜಿಪ್ಪು ಎಳೆದಳು. ದಿಕ್ಕು ತೋಚದೆ ನಾನು ಎತ್ತಿನ ಚರ್ಮವನ್ನೇ ತೆಗೆದು ಬರೀ ಗೆರೆಗಳ ಬಲೆ ತೋರಿಸಿದೆ. ಮಾವ ಬಗ್ಗಿ ಹೊಟ್ಟೆಯೊಳಗೆ ಇಣುಕಿದರು.

“ಕರುಳೇ ಇಲ್ವಲ್ಲ.”

“ಇಲ್ಲ ಮಾವ. ಒಳಗೆ ಏನೂ ಇಲ್ಲ.”

“ಮೇವು ತಿನ್ನಾಕಿಲ್ಲ, ಸಗಣಿ ಹಾಕಾಕಿಲ್ಲ. ಸಗಣಿ ಹಾಕ್ದೇ ಇರೋದು ಎತ್ತಲ್ಲ ಕಣವ್ವ ಸವಿತಾ, ಗೊಂಬೆ. ಗೊಂಬೆಗ್ಯಾವ ಸುಳಿ? ಬ್ಯಾಗ್ ಬಿಚ್ಚು.”

ಬದುಕಿದೆಯಾ ಬಡಜೀವವೇ ಎಂದು ಮಾವನ ಕಾಲಿಗೆ ಬಿದ್ದೆ. ಅದೇ ತಪ್ಪಾಯಿತು. ಆಶೀರ್ವದಿಸಲು ನನ್ನ ತಲೆಯ ಮೇಲಿಟ್ಟ ಕೈ ಅಲ್ಲೇ ನಿಂತು, ಬೆರಳುಗಳು ಕೂದಲು ಬಿಡಿಸತೊಡಗಿದವು. ನನ್ನ ನೆತ್ತಿಯಲ್ಲಿ ಎರಡು ಸುಳಿ. ಎರಡು ಸುಳಿಯವನಿಗೆ ಎರಡು ಮದುವೆ ಎಂಬುದು ಊರಿಗೆಲ್ಲ ಗೊತ್ತಿರುವ ಮಾತು.

“ಸವಿತಾ, ಇಲ್ ನೋಡು. ಇದು ಗೊಂಬೆ ಅಲ್ವಲ್ಲವ್ವ.”

“ಬುಡಪ್ಪ,” ಎಂದಳು ಸವಿತಾ, ಬ್ಯಾಗಿನಿಂದ ಸೀರೆ ತೆಗೆಯುತ್ತ. “ದಿನವೆಲ್ಲ ಎತ್ತಿನ ಬೆನ್ನು ಸವರ್ಕಂಡು ಕೂತಿರೋರ್ಗೆ ಇನ್ನೊಂದು ಹೆಣ್ಣ ಯಾರು ಕೊಟ್ಟಾರು?”

ನನ್ನ ಯೋಗ್ಯತೆಯಲ್ಲಿ ಅವಳಿಗಿದ್ದ ಈ ಅಪನಂಬಿಕೆಯಿಂದಲೇ ಸಂಸಾರ ಉಳಿಯಿತು. ಆದರೂ ಮಾವ ಬಂದಾಗಲೆಲ್ಲ ಮೊದಲು ನೋಡುತ್ತಿದ್ದದ್ದು ನನ್ನ ನೆತ್ತಿಯನ್ನೇ. ಈಗ ನೋಡಲು ಅಲ್ಲೇನೂ ಇಲ್ಲ. ಎತ್ತಿಗೆ ಅಷ್ಟು ಒದ್ದಾಡಿ ತಂದ ನುಣುಪು ನನ್ನ ತಲೆಗೆ ತಾನಾಗಿಯೇ ಬಂದಿದೆ. ಟ್ಯೂಬ್‌ಲೈಟಿನ ಬೆಳಕು ಎರಡೂ ಕಡೆ ಸಮನಾಗಿ ಬೀಳುತ್ತದೆ. ಸುಳಿ ಮುಚ್ಚಾಕೇ ಬೋಳಿಸ್ಕಂಡವ್ರೆ ಎಂದು ಮಾವ ಅಕ್ಕಿಹೆಬ್ಬಾಳಿನ ತುಂಬ ಹೇಳಿಕೊಂಡು ತಿರುಗುತ್ತಿದ್ದಾರಂತೆ.